ಬೂಟ್ ಆಗುವಾಗಲೇ ಆಫ್ ಆಗುವ ಡೆಸ್ಕ್‌ಟಾಪ್: ದೋಷ ಹಿಡಿಯುವ ದಾರಿ

ಪವರ್ ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಕೆಲವು ಸಲ ಲೋಗೋ ಕೂಡ ಕಾಣಿಸುತ್ತದೆ. ಆಮೇಲೆ ಟಪ್ ಅಂತ ಎಲ್ಲ ಬಂದ್. ಇನ್ನೊಮ್ಮೆ ಒತ್ತಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಬೂಟ್ ಆಗಿ ಸಂಜೆಯವರೆಗೆ ಓಡುತ್ತದೆ. ಮರುದಿನ ಮತ್ತೆ ಅದೇ ಕತೆ. ಇಂಥ ಕಂಪ್ಯೂಟರ್ ನೋಡಿದವರೆಲ್ಲ ಮೊದಲು ಹೇಳುವುದು "ಎಸ್‌ಎಂಪಿಎಸ್ ಹೋಗಿದೆ, ಬದಲಾಯಿಸಿ" ಅಂತ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ವೋಲ್ಟೇಜ್‌ಗೆ ಇಳಿಸಿ ಕೊಡುವ ಪವರ್ ಸಪ್ಲೈ ಡಬ್ಬಿ. ಎಷ್ಟೋ ಸಲ ಆ ಮಾತು ನಿಜವೂ ಹೌದು. ಆದರೆ ಹೊಸದು ಹಾಕಿದ ಮೇಲೂ ಆಫ್ ಆಗುತ್ತಿದ್ದರೆ? ದುಡ್ಡೂ ಹೋಯಿತು, ದೋಷವೂ ಉಳಿಯಿತು.

ಅದಕ್ಕೆ ಏನನ್ನೂ ಕೊಳ್ಳುವ ಮೊದಲು ಮೊಬೈಲ್‌ನ ಸ್ಟಾಪ್‌ವಾಚ್ ಕೈಗೆ ತೆಗೆದುಕೊಳ್ಳಿ. ಬಟನ್ ಒತ್ತಿದ ಕ್ಷಣದಿಂದ ಆಫ್ ಆಗುವವರೆಗೆ ಎಷ್ಟು ಸೆಕೆಂಡು ಅಂತ ನಾಲ್ಕೈದು ಸಲ ಬರೆದಿಡಿ. ಆಗ ಪರದೆಯ ಮೇಲೆ ಏನಿತ್ತು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. "ಯಾವಾಗ ಬೇಕಾದರೂ ಆಫ್ ಆಗುತ್ತೆ" ಅನ್ನಿಸುವ ಕಂಪ್ಯೂಟರ್ ಹೆಚ್ಚಾಗಿ ಒಂದು ಲೆಕ್ಕದ ಮೇಲೇ ಆಫ್ ಆಗುತ್ತಿರುತ್ತದೆ. ಆ ಸೆಕೆಂಡಿನ ಲೆಕ್ಕ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಆಫ್ ಆಗುತ್ತಿದೆಯಾ, ರೀಸ್ಟಾರ್ಟ್ ಆಗುತ್ತಿದೆಯಾ?

ಇದನ್ನು ಮೊದಲು ಬಿಡಿಸಿಕೊಳ್ಳಬೇಕು, ಯಾಕೆಂದರೆ ಮೂರು ಬೇರೆ ಬೇರೆ ದೋಷಗಳಿಗೆ ಜನ "ಆಫ್ ಆಯ್ತು" ಅಂತಲೇ ಹೇಳುತ್ತಾರೆ.

ಫ್ಯಾನ್, ಲೈಟ್ ಎಲ್ಲ ನಿಂತು ಕ್ಯಾಬಿನೆಟ್ ಪೂರ್ತಿ ಸ್ತಬ್ಧವಾದರೆ ಅದು ನಿಜವಾದ ಆಫ್. ಪವರ್, ಬಿಸಿ, ಶಾರ್ಟ್ ಸರ್ಕ್ಯೂಟ್, ಈ ಮೂರರ ಕಡೆ ನೋಡಬೇಕು.

ಫ್ಯಾನ್ ತಿರುಗುತ್ತಲೇ ಇದೆ, ಪರದೆ ಮಾತ್ರ ಕಪ್ಪಾಗಿದೆ ಅಂದರೆ ಕಂಪ್ಯೂಟರ್ ಆಫ್ ಆಗಿಲ್ಲ. ಮಾನಿಟರ್ ಕೇಬಲ್, ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್ ನೋಡಿ. ಕೀಬೋರ್ಡ್‌ನ ನಮ್ ಲಾಕ್ ಒತ್ತಿದಾಗ ಅದರ ಲೈಟ್ ಹತ್ತಿ ಆರುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಅಂತಲೇ ಅರ್ಥ.

ತಾನಾಗಿಯೇ ಮತ್ತೆ ಆನ್ ಆಗುತ್ತಿದ್ದರೆ ಅದು ರೀಸ್ಟಾರ್ಟ್. ಇದರಲ್ಲಿ ಒಂದು ಜಾತಿ ದೋಷವೇ ಅಲ್ಲ. ರ‍್ಯಾಮ್ ಬದಲಿಸಿದ ಮೇಲೆ, ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಮೂಲ ಪ್ರೋಗ್ರಾಂ) ಅಪ್‌ಡೇಟ್ ಮಾಡಿದ ಮೇಲೆ, ಬೋರ್ಡ್ ಮೇಲಿನ ಸಣ್ಣ ಸೆಲ್ ತೆಗೆದು ಹಾಕಿದ ಮೇಲೆ ಮದರ್‌ಬೋರ್ಡ್ ರ‍್ಯಾಮ್‌ಗೆ ಹೊಂದುವ ಸೆಟ್ಟಿಂಗ್ ಹುಡುಕುತ್ತಾ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಡಿಡಿಆರ್5 ಅನ್ನುವ ಹೊಸ ಬಗೆಯ ರ‍್ಯಾಮ್ ಹಾಕುವ ಬೋರ್ಡ್‌ಗಳಲ್ಲಿ ಮೊದಲ ಬೂಟ್‌ಗೆ ಕೆಲವು ನಿಮಿಷಗಳೇ ಹಿಡಿಯಬಹುದು. ಆ ಹೊತ್ತಲ್ಲಿ ಗಾಬರಿಯಾಗಿ ಪ್ಲಗ್ ಕೀಳಬೇಡಿ, ಸುಮ್ನೆ ಬಿಡಿ.

ಇನ್ನೊಂದು ಸುಳಿವು ಇದೆ, ಇದನ್ನು ಗಮನಿಸುವವರು ಕಡಿಮೆ. ಆಫ್ ಆದ ತಕ್ಷಣ ಮತ್ತೆ ಆನ್ ಮಾಡುತ್ತಾ ಹೋಗಿ. ಪ್ರತಿ ಸಲ ಇನ್ನೂ ಬೇಗ ಆಫ್ ಆಗುತ್ತಾ ಬಂದರೆ ಬಿಸಿಯ ಸಮಸ್ಯೆ, ಯಾಕೆಂದರೆ ಪ್ರೊಸೆಸರ್‌ಗೆ ತಣಿಯಲು ಸಮಯವೇ ಸಿಗುತ್ತಿಲ್ಲ. ಇದಕ್ಕೆ ತಿರುಗಾಮುರುಗಾ, ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಹಟ ಮಾಡಿ, ಮೂರ್ನಾಲ್ಕು ಸಲ ಒತ್ತಿದ ಮೇಲೆ ಆನ್ ಆಗಿ ಉಳಿದು ದಿನವಿಡೀ ಸರಿಯಾಗಿ ಓಡಿದರೆ ಅನುಮಾನ ಹಳೆಯ ಕೆಪಾಸಿಟರ್‌ಗಳ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಕೊಡುವ ಸಣ್ಣ ಭಾಗಗಳ) ಮೇಲೆ. ಅವು ಎಸ್‌ಎಂಪಿಎಸ್ ಒಳಗಾದರೂ ಇರಬಹುದು, ಮದರ್‌ಬೋರ್ಡ್ ಮೇಲಾದರೂ ಇರಬಹುದು.

ಕ್ಯಾಬಿನೆಟ್ ಬಿಚ್ಚುವ ಮೊದಲು ಹೊರಗಡೆ

ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಬ್ಯಾಟರಿ ಸತ್ತ ಯುಪಿಎಸ್, ಕಂಪ್ಯೂಟರ್ ಇದ್ದಕ್ಕಿದ್ದಂತೆ ಜಾಸ್ತಿ ಕರೆಂಟ್ ಎಳೆದಾಗ ಕೈಬಿಡುತ್ತದೆ. ಬೂಟ್ ಆಗುವ ಹೊತ್ತು ಅಂಥದ್ದೇ. ಯುಪಿಎಸ್ ಮೇಲೆ ಬರೆದಿರುವ ವಿಎ ಸಂಖ್ಯೆಯನ್ನು ವ್ಯಾಟ್ ಅಂದುಕೊಳ್ಳಬೇಡಿ. 600 ವಿಎ ಅಂತ ಇರುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಆಸುಪಾಸು ಮಾತ್ರ. ಆಫ್ ಆಗುವಾಗ ಮಾನಿಟರ್‌ನ ಪವರ್ ಲೈಟ್ ಕೂಡ ಜೊತೆಗೇ ಆರಿದರೆ ದೋಷ ಹೆಚ್ಚಾಗಿ ಕ್ಯಾಬಿನೆಟ್ ಒಳಗಿರುವುದಿಲ್ಲ.

ಪವರ್ ಕಾರ್ಡ್‌ನ ತುದಿ ಎಸ್‌ಎಂಪಿಎಸ್ ಒಳಗೆ ಗಟ್ಟಿಯಾಗಿ ಕೂತಿದೆಯಾ ಅಂತ ಒತ್ತಿ ನೋಡಿ. ಎಕ್ಸ್‌ಟೆನ್ಶನ್ ಬೋರ್ಡ್‌ನ ಸಡಿಲ ಸಾಕೆಟ್ ಕೂಡ ಇದೇ ಆಟ ಆಡುತ್ತದೆ. ಆಮೇಲೆ ಮೌಸ್, ಕೀಬೋರ್ಡ್, ಮಾನಿಟರ್ ಬಿಟ್ಟು ಬೇರೆಲ್ಲ ಯುಎಸ್‌ಬಿ ಸಾಧನಗಳನ್ನು ಕೀಳಿ. ಮುಂದಿನ ಯುಎಸ್‌ಬಿ ಪೋರ್ಟ್‌ಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಳಗಿನ ಪ್ಲಾಸ್ಟಿಕ್ ನಾಲಗೆ ಮುರಿದು ತಂತಿಗಳು ಬಾಗಿ ಒಂದಕ್ಕೊಂದು ತಾಗಿದ್ದರೆ 5 ವೋಲ್ಟ್ ಲೈನ್ ಶಾರ್ಟ್ ಆಗುತ್ತದೆ. ಕೆಲವು ಮದರ್‌ಬೋರ್ಡ್‌ಗಳು ಇದನ್ನು ಗುರುತಿಸಿ, ಯುಎಸ್‌ಬಿಯಲ್ಲಿ ಕರೆಂಟ್ ಜಾಸ್ತಿಯಾಗಿದೆ, 15 ಸೆಕೆಂಡಿನಲ್ಲಿ ಆಫ್ ಮಾಡುತ್ತೇನೆ ಅಂತ ಪರದೆಯ ಮೇಲೆಯೇ ಬರೆದು ಹೇಳುತ್ತವೆ. ಆ ಸಾಲು ಕಂಡರೆ ಮುಂದಿನ ಪ್ಯಾನೆಲ್‌ನ ಯುಎಸ್‌ಬಿ ವೈರನ್ನು ಬೋರ್ಡ್‌ನಿಂದ ಕಿತ್ತು ನೋಡಿ.

ಈಗ ಒಳಗೆ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ಕೈ ಹಾಕಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಮೀರಿದ ಚಾರ್ಜ್ ಉಳಿದಿರಬಹುದು.

ಒಂದು ಸೆಕೆಂಡೂ ಓಡದಿದ್ದರೆ

ಫ್ಯಾನ್ ಒಂದು ಸಲ ಅಲುಗಾಡಿ ನಿಂತುಬಿಡುತ್ತದೆ. ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಕಡಿದುಕೊಳ್ಳುತ್ತಿದೆ. ಎಷ್ಟೋ ಎಸ್‌ಎಂಪಿಎಸ್‌ಗಳು ಹೀಗೆ ಟ್ರಿಪ್ ಆದ ಮೇಲೆ ಮೇನ್ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟ ಹೊರತು ಬಟನ್‌ಗೆ ಜಗ್ಗುವುದಿಲ್ಲ. ಇದೂ ಒಂದು ಗುರುತು.

ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಡಿವಿಡಿ ಡ್ರೈವ್, ಕ್ಯಾಬಿನೆಟ್ ಫ್ಯಾನ್, ಎಲ್ಲದರ ಪವರ್ ಕೇಬಲ್ ಕಿತ್ತು ಆನ್ ಮಾಡಿ. ಆಫ್ ಆಗದೆ ಓಡುತ್ತಿದ್ದರೆ ಒಂದೊಂದಾಗಿ ವಾಪಸ್ ಹಾಕಿ. ಪ್ರತಿ ಸಲ ಹಾಕುವ ಮೊದಲು ಮೇನ್ ಆಫ್ ಮಾಡಬೇಕು ಅನ್ನುವುದನ್ನು ಮರೆಯಬೇಡಿ. ಹಳೆಯ ನಾಲ್ಕು ಪಿನ್ ಮೋಲೆಕ್ಸ್ ಪವರ್ ಪ್ಲಗ್ಗನ್ನು ಡಿಸ್ಕ್‌ಗಳ ಸಾಟಾ ಪ್ಲಗ್ಗಿಗೆ ಬದಲಿಸುವ ಅಡಾಪ್ಟರ್ ಇದ್ದರೆ ಅದನ್ನೇ ಮೊದಲು ಅನುಮಾನಿಸಿ. ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ ಅಗ್ಗದ ಅಡಾಪ್ಟರ್‌ಗಳ ಒಳಗೆ ತಂತಿಗಳು ಕಾಲಕ್ರಮೇಣ ತಾಗಿಕೊಂಡು ಸುಟ್ಟೇ ಹೋಗುತ್ತವೆ.

ಎಲ್ಲ ಕಿತ್ತರೂ ಆಫ್ ಆಗುತ್ತಿದ್ದರೆ ಮದರ್‌ಬೋರ್ಡ್ ಕೆಳಗೆ ನೋಡಬೇಕು. ಬೋರ್ಡ್ ಮತ್ತು ಕ್ಯಾಬಿನೆಟ್ ತಗಡಿನ ನಡುವೆ ಸಣ್ಣ ಹಿತ್ತಾಳೆ ಕಾಲುಗಳಿರುತ್ತವೆ. ಬೋರ್ಡ್‌ನಲ್ಲಿ ತೂತಿಲ್ಲದ ಜಾಗದಲ್ಲಿ ಒಂದು ಕಾಲು ಜಾಸ್ತಿ ಉಳಿದಿದ್ದರೂ, ಬಿದ್ದ ಸ್ಕ್ರೂ ಒಂದು ಹಿಂದೆ ಸಿಕ್ಕಿಕೊಂಡಿದ್ದರೂ ಶಾರ್ಟ್. ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಆನ್ ಮಾಡಿದರೆ ತಿಳಿದುಬಿಡುತ್ತದೆ.

ಸುಮಾರು 4 ಸೆಕೆಂಡಿಗೆ, ಪ್ರತಿ ಸಲ ಅಷ್ಟಕ್ಕೇ

ಇದು ನನಗೆ ತುಂಬ ಇಷ್ಟವಾದ ದೋಷ, ಏಕೆಂದರೆ ಸಾಮಾನ್ಯವಾಗಿ ಯಾವ ಭಾಗವೂ ಕೆಟ್ಟಿರುವುದಿಲ್ಲ, ಒಂದು ಬಟನ್ ಬಿಟ್ಟು. ಪವರ್ ಬಟನನ್ನು ಸುಮಾರು 4 ಸೆಕೆಂಡು ಒತ್ತಿ ಹಿಡಿದರೆ ಮದರ್‌ಬೋರ್ಡ್ ಬಲವಂತವಾಗಿ ಆಫ್ ಆಗುತ್ತದೆ ಅಲ್ವಾ? ಬಟನ್ ಒಳಗೆ ಸಿಕ್ಕಿಕೊಂಡಿದ್ದರೆ ನೀವು ಬೆರಳು ತೆಗೆದರೂ ಬೋರ್ಡ್ ಪಾಲಿಗೆ ಅದು ಇನ್ನೂ ಒತ್ತಿಯೇ ಇದೆ. ಹೊಸ ಕ್ಯಾಬಿನೆಟ್‌ನಲ್ಲೂ ಪ್ಲಾಸ್ಟಿಕ್ ಅಂಚು ಉಜ್ಜಿ ಹೀಗಾಗುವುದುಂಟು. ಬಟನ್ ಒತ್ತಿದಾಗ ಎರಡು ಸದ್ದು ಕೇಳಬೇಕು: ಒಳಗೆ ಹೋಗುವಾಗ ಒಂದು ಟಿಕ್, ಬಿಟ್ಟಾಗ ಇನ್ನೊಂದು. ಎರಡನೆಯದು ಕೇಳದಿದ್ದರೆ ಅಥವಾ ಮೆತ್ತಗೆ ಇದ್ದರೆ ಸ್ವಿಚ್ ಮೇಲೆ ಬರುತ್ತಿಲ್ಲ.

ಪರೀಕ್ಷೆ ಸುಲಭ. ಮದರ್‌ಬೋರ್ಡ್‌ನ ಕೆಳ ಅಂಚಿನಲ್ಲಿ ಮುಂದಿನ ಪ್ಯಾನೆಲ್‌ನಿಂದ ಬರುವ ಸಣ್ಣ ವೈರ್‌ಗಳಿರುತ್ತವೆ. ಪವರ್ ಸ್ವಿಚ್ ಅಂತ ಬರೆದಿರುವುದನ್ನು ಕಿತ್ತು, ಆ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ ತೆಗೆಯಿರಿ. ಕಂಪ್ಯೂಟರ್ ಆನ್ ಆಗಿ ಹಾಗೆಯೇ ನಿಂತರೆ ಅಪರಾಧಿ ಸಿಕ್ಕಿದ. ಹೊಸ ಸ್ವಿಚ್ ಬರುವವರೆಗೆ ರೀಸೆಟ್ ಬಟನ್‌ನ ವೈರನ್ನೇ ಪವರ್ ಪಿನ್‌ಗೆ ಹಾಕಿಕೊಂಡರೆ ಕೆಲಸ ನಡೆಯುತ್ತದೆ. ರೀಸೆಟ್ ಬಟನ್ ಸಿಕ್ಕಿಕೊಂಡರೆ ಬೋರ್ಡ್ ಬೂಟ್ ಶುರು ಮಾಡುವುದೇ ಇಲ್ಲ, ಅಥವಾ ಮತ್ತೆ ಮತ್ತೆ ಮೊದಲಿಂದ ಶುರು ಮಾಡುತ್ತದೆ. ಅದನ್ನೂ ಕಿತ್ತು ನೋಡಿ.

ಕೆಲವೇ ಸೆಕೆಂಡು, ಆದರೆ ಲೆಕ್ಕ ತಪ್ಪುತ್ತದೆ

ಲೋಗೋ ಬರುವ ಮೊದಲೇ ಆಫ್ ಆಗುತ್ತದೆ, ಆದರೆ ಒಮ್ಮೆ 2 ಸೆಕೆಂಡು, ಇನ್ನೊಮ್ಮೆ 8. ಮೊದಲು ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಪವರ್ ಕನೆಕ್ಟರ್ ನೋಡಿ. ಕ್ಯಾಬಿನೆಟ್‌ನ ಮೂಲೆಯಲ್ಲಿ ಇರುವುದರಿಂದ ಅದನ್ನು ಹಾಕಲು ಮರೆಯುವವರು, ಅರ್ಧ ಮಾತ್ರ ಒತ್ತಿದವರು ಬೇಕಾದಷ್ಟು. 24 ಪಿನ್‌ನ ದೊಡ್ಡ ಕನೆಕ್ಟರನ್ನೂ ಕಿತ್ತು, ಕೊಕ್ಕೆ ಕಚ್ಚುವವರೆಗೆ ಒತ್ತಿ ಹಾಕಿ. ಪಿನ್‌ಗಳ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಸಡಿಲ ಸಂಪರ್ಕದಿಂದ ಸುಟ್ಟಿದೆ.

ಆಮೇಲೆ ರ‍್ಯಾಮ್. ಒಂದೇ ಸ್ಟಿಕ್ ಇಟ್ಟು ನೋಡಿ, ಸ್ಲಾಟ್ ಬದಲಿಸಿ ನೋಡಿ. ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಉಜ್ಜುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಕೆಲಸವೇನೋ ಆಗುತ್ತದೆ, ಆದರೆ ರಬ್ಬರ್ ಪುಡಿ ಸ್ಲಾಟ್ ಒಳಗೆ ಬಿದ್ದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ವಾಸಿ. ರ‍್ಯಾಮ್ ದೋಷವಿದ್ದರೆ ಪೂರ್ತಿ ಆಫ್ ಆಗುವುದಕ್ಕಿಂತ ರೀಸ್ಟಾರ್ಟ್ ಆಗುವುದು, ಬೀಪ್ ಹೊಡೆಯುವುದು ಜಾಸ್ತಿ. ಎಕ್ಸ್‌ಎಂಪಿ ಅಥವಾ ಓವರ್‌ಕ್ಲಾಕ್ (ರ‍್ಯಾಮ್, ಪ್ರೊಸೆಸರ್‌ಗಳನ್ನು ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಹಾಕಿದ್ದರೆ ಬಯೋಸ್‌ನಲ್ಲಿ ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ. ಇಷ್ಟಾದರೂ ಅನುಮಾನ ಹೋಗದಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಮನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದು ರಾತ್ರಿ ಓಡಲು ಬಿಡಿ.

ಬೂಟ್ ಯಾವ ಭಾಗದವರೆಗೆ ಬಂದಿದೆ ಅಂತ ತೋರಿಸಲು ಬೋರ್ಡ್ ಮೇಲೆ ಸಿಪಿಯು (ಪ್ರೊಸೆಸರ್), ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ ಅಂತ ಬರೆದ ಸಣ್ಣ ಎಲ್‌ಇಡಿಗಳಿದ್ದರೆ, ಆಫ್ ಆಗುವ ಕ್ಷಣದಲ್ಲಿ ಯಾವುದು ಉರಿಯುತ್ತಿತ್ತು ಅಂತ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಕಣ್ಣಿಗೆ ತಪ್ಪಿದ್ದು ವಿಡಿಯೋದಲ್ಲಿ ಸಿಗುತ್ತದೆ.

ಅರ್ಧ ನಿಮಿಷ, ಒಂದು ನಿಮಿಷ ಆದ ಮೇಲೆ: ಬಿಸಿ

ಪ್ರೊಸೆಸರ್ ಬಿಸಿಯಾದರೆ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಈಗಿನ ಎಷ್ಟೋ ಪ್ರೊಸೆಸರ್‌ಗಳಲ್ಲಿ ಈ ಮಿತಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ವೇಗ ಇಳಿಸಿದರೂ ಬಿಸಿ ಏರುತ್ತಲೇ ಹೋದರೆ ಪವರ್ ಕಡಿಯುವಂತೆ ಬೋರ್ಡ್‌ಗೆ ಸಂಕೇತ ಕೊಡುತ್ತದೆ. ಆಗ ಎಚ್ಚರಿಕೆಯೂ ಇಲ್ಲ, ವಿಂಡೋಸ್ ಕುಸಿದಾಗ ತೋರಿಸುವ ನೀಲಿ ಪರದೆಯೂ ಇಲ್ಲ, ನೇರ ಆಫ್.

ನೋಡುವ ಕ್ರಮ ಹೀಗೆ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಹಾರ್ಡ್‌ವೇರ್ ಮಾನಿಟರ್ ಪುಟ ತೆರೆದು ಸಿಪಿಯು ತಾಪಮಾನದ ಸಾಲನ್ನೇ ನೋಡುತ್ತಾ ಕೂರಿ. ಆರೋಗ್ಯವಾಗಿರುವ ಕಂಪ್ಯೂಟರ್‌ನಲ್ಲಿ ಅದು ನಿಧಾನವಾಗಿ ಏರಿ 40, 50ರ ಸುತ್ತ ನಿಲ್ಲುತ್ತದೆ. ಪ್ರೊಸೆಸರ್ ಮೇಲೆ ಕೂತು ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಅದಕ್ಕೆ ಸರಿಯಾಗಿ ತಾಗಿಲ್ಲದಿದ್ದರೆ ನೋಡನೋಡುತ್ತಲೇ 60, 72, 85 ಅಂತ ಓಡುತ್ತದೆ, ಒಂದು ಹಂತದಲ್ಲಿ ಪರದೆ ಆರಿಹೋಗುತ್ತದೆ. ಇಷ್ಟು ಸ್ಪಷ್ಟವಾಗಿ ದೋಷ ಕಣ್ಣಿಗೆ ಬೀಳುವುದು ಅಪರೂಪ.

ಆಗ ಹೀಟ್‌ಸಿಂಕನ್ನು ಮೆಲ್ಲಗೆ ಅಲುಗಾಡಿಸಿ. ಇಂಟೆಲ್‌ನ ಪ್ರೊಸೆಸರ್ ಜೊತೆಗೇ ಬರುವ ಹೆಚ್ಚಿನ ಕೂಲರ್‌ಗಳಲ್ಲಿ ನಾಲ್ಕು ಮೂಲೆಗಳಲ್ಲಿ ಪ್ಲಾಸ್ಟಿಕ್ ಪುಶ್‌ಪಿನ್ ಇರುತ್ತವೆ. ಮೇಲಿಂದ ನೋಡಿದರೆ ನಾಲ್ಕೂ ಕೂತ ಹಾಗೆಯೇ ಕಾಣುತ್ತವೆ. ಬೋರ್ಡ್ ಹಿಂಭಾಗಕ್ಕೆ ಟಾರ್ಚ್ ಬಿಟ್ಟರೆ ನಿಜ ತಿಳಿಯುತ್ತದೆ: ಸರಿಯಾಗಿ ಕೂತ ಪಿನ್‌ನ ಬಿಳಿ ತುದಿ ಎರಡಾಗಿ ಸೀಳಿ ತೂತಿನ ಆಚೆ ಅರಳಿರುತ್ತದೆ, ನಡುವೆ ಕಪ್ಪು ಮೊಳೆ ಇಣುಕುತ್ತದೆ. ಒಂದು ಮೂಲೆಯಲ್ಲಿ ಅದು ಅರಳಿಲ್ಲದಿದ್ದರೆ ಇಡೀ ಹೀಟ್‌ಸಿಂಕ್ ಆ ಕಡೆ ಕೂದಲೆಳೆಯಷ್ಟು ಎದ್ದಿದೆ ಅಂತ ಅರ್ಥ. ಅಷ್ಟೇ ಸಾಕು.

ಹೀಟ್‌ಸಿಂಕ್ ತೆಗೆದರೆ ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಾಕಲೇಬೇಕು. ಒಣ ಸುಣ್ಣದ ಹಾಗೆ ಪುಡಿ ಉದುರುತ್ತಿದ್ದರೆ ಅದರ ಆಯಸ್ಸು ಮುಗಿದು ಬಹಳ ಕಾಲವಾಗಿದೆ. ನಡುವೆ ಬಟಾಣಿ ಕಾಳಿನಷ್ಟು ಸಾಕು, ಜಾಸ್ತಿ ಬೇಡ. ಫ್ಯಾನ್ ವೈರ್ ಸಿಪಿಯು ಫ್ಯಾನ್ ಅಂತ ಬರೆದ ಪಿನ್‌ಗೇ ಹೋಗಿರಲಿ. ನೀರಿನ ಕೂಲರ್ ಆಗಿದ್ದರೆ ಪಂಪ್ ಮೇಲೆ ಬೆರಳಿಟ್ಟು ಸಣ್ಣ ಕಂಪನ ಇದೆಯಾ ನೋಡಿ. ಪಂಪ್ ನಿಂತಿದ್ದರೆ ರೇಡಿಯೇಟರ್ ಫ್ಯಾನ್‌ಗಳು ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ.

ಬಯೋಸ್‌ನಲ್ಲಿ ಆನ್ ಆಗಿಯೇ ಇರುತ್ತದೆ, ವಿಂಡೋಸ್ ಬರುವಾಗ ಆಫ್ ಆಗುತ್ತದೆ

ಬಯೋಸ್ ಪುಟದಲ್ಲೇ ಅರ್ಧ ಗಂಟೆ ಬಿಡಿ. ಅಲ್ಲಿಯೂ ಆಫ್ ಆದರೆ ವಿಂಡೋಸ್ ನಿರಪರಾಧಿ, ಫಾರ್ಮ್ಯಾಟ್ ಮಾಡುವ ಯೋಚನೆ ಬಿಟ್ಟುಬಿಡಿ. ಅಲ್ಲಿ ಗಟ್ಟಿಯಾಗಿ ನಿಂತು, ವಿಂಡೋಸ್‌ನ ಚುಕ್ಕಿಗಳು ಸುತ್ತುವಾಗ ಹೋದರೆ ಎರಡು ದಾರಿ: ಒಂದೋ ಸಾಫ್ಟ್‌ವೇರ್, ಇಲ್ಲವೇ ಆ ಹೊತ್ತಿಗೆ ಏರುವ ಲೋಡ್, ಅಂದರೆ ಕಂಪ್ಯೂಟರ್ ಎಳೆಯುವ ಕರೆಂಟ್. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ. ಲಿನಕ್ಸ್‌ನಲ್ಲೂ ಆಫ್ ಆದರೆ ಹಾರ್ಡ್‌ವೇರ್.

ವಿಂಡೋಸ್ ಒಮ್ಮೆಯಾದರೂ ತೆರೆದುಕೊಂಡರೆ ನಡೆದದ್ದನ್ನೆಲ್ಲ ದಾಖಲಿಸುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ನೋಡಿ. ಕರ್ನಲ್-ಪವರ್, ಐಡಿ 41 ಅನ್ನುವ ಸಾಲು ಸಿಗಬಹುದು. ಅದನ್ನು ನೋಡಿ ಬಹಳ ಜನ "ಪವರ್ ಸಮಸ್ಯೆ ಅಂತ ವಿಂಡೋಸೇ ಹೇಳಿದೆ" ಅಂದುಕೊಳ್ಳುತ್ತಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಕಾರಣ ಬೇಕಿದ್ದರೆ ಡೀಟೇಲ್ಸ್ ಟ್ಯಾಬ್ ತೆರೆಯಿರಿ. ಬಗ್‌ಚೆಕ್‌ಕೋಡ್ ಸೊನ್ನೆ ಇಲ್ಲದಿದ್ದರೆ ನೀಲಿ ಪರದೆ ಬಂದು ಹೋಗಿದೆ, ಆ ಸಂಖ್ಯೆಯನ್ನು ಹೆಕ್ಸ್‌ಗೆ (16ರ ಲೆಕ್ಕದ ಸಂಖ್ಯೆಗೆ) ಬದಲಿಸಿ ಹುಡುಕಿದರೆ ದಾರಿ ಸಿಗುತ್ತದೆ. ಸೊನ್ನೆ ಇದ್ದರೆ ಹೆಚ್ಚಾಗಿ ಏಕಾಏಕಿ ಪವರ್ ಹೋಗಿದೆ. ಅಲ್ಲಿಯೇ ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಅಂತ ಇದೆ. ಅದು ಸೊನ್ನೆ ಅಲ್ಲದಿದ್ದರೆ ಪವರ್ ಬಟನ್ ಒತ್ತಿ ಹಿಡಿದದ್ದು ದಾಖಲಾಗಿದೆ. ನೀವು ಒತ್ತಿಲ್ಲ ಅಂದರೆ ಮೇಲಿನ ಬಟನ್ ಕತೆಗೆ ವಾಪಸ್ ಹೋಗಿ. ಆಫ್ ಆದ ಹೊತ್ತಿಗೆ ಹೊಸ ಸಾಲೇ ಇಲ್ಲದಿದ್ದರೆ ಬಹುಶಃ ವಿಂಡೋಸ್ ಶುರುವಾಗುವ ಮೊದಲೇ ಕಡಿದಿದೆ.

ನೀಲಿ ಪರದೆ ಓದಲು ಸಮಯ ಸಿಗದಿದ್ದರೆ ಸ್ಟಾರ್ಟಪ್ ಆಂಡ್ ರಿಕವರಿ ಸೆಟ್ಟಿಂಗ್‌ನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಟಿಕ್ ತೆಗೆಯಿರಿ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ ನೋಡಿ. ತೀರಾ ಬೇಕಾದಷ್ಟು ಡ್ರೈವರ್‌ಗಳಿಂದ ಮಾತ್ರ ವಿಂಡೋಸ್ ಓಡುವ ಸೇಫ್ ಮೋಡ್‌ನಲ್ಲಿ ಸರಿಯಾಗಿದ್ದರೆ ಗ್ರಾಫಿಕ್ಸ್ ಡ್ರೈವರ್ ಮೊದಲ ಅನುಮಾನ. ಆದರೆ ಇಲ್ಲೊಂದು ಮೋಸ ಇದೆ: ಸೇಫ್ ಮೋಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಕರೆಂಟ್ ಎಳೆಯುವುದೇ ಇಲ್ಲ. ಹಾಗಾಗಿ ಸೋತ ಎಸ್‌ಎಂಪಿಎಸ್ ಕೂಡ ಅಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ಕಾರ್ಡ್ ಕಿತ್ತು ಮದರ್‌ಬೋರ್ಡ್‌ನ ವಿಡಿಯೋ ಪೋರ್ಟ್‌ನಿಂದ ಓಡಿಸಿ ನೋಡಿ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದು ಆಗದು, ಅವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ.

ಎಸ್‌ಎಂಪಿಎಸ್ ಮೇಲೆ ತೀರ್ಪು

24 ಪಿನ್ ಕನೆಕ್ಟರ್‌ನ ಹಸಿರು ತಂತಿಯನ್ನು ಕಪ್ಪು ತಂತಿಗೆ ಕ್ಲಿಪ್‌ನಿಂದ ಸೇರಿಸಿ ಎಸ್‌ಎಂಪಿಎಸ್ ಫ್ಯಾನ್ ತಿರುಗುವುದನ್ನು ನೋಡುವ ಪರೀಕ್ಷೆ ಬಹಳ ಪ್ರಸಿದ್ಧ. ಫ್ಯಾನ್ ತಿರುಗದಿದ್ದರೆ ಹೆಚ್ಚಾಗಿ ಎಸ್‌ಎಂಪಿಎಸ್ ಸತ್ತಿದೆ, ಲೋಡ್ ಇಲ್ಲದಾಗ ಫ್ಯಾನ್ ತಿರುಗಿಸದ ಮಾದರಿ ಆಗಿದ್ದರೆ ಮಾತ್ರ ಇದು ನಂಬುವಂತಿಲ್ಲ. ತಿರುಗಿದರೆ? ಏನೂ ಸಾಬೀತಾಗುವುದಿಲ್ಲ. ನಮ್ಮ ದೋಷ ಬರುವುದೇ ಲೋಡ್ ಬಿದ್ದಾಗ.

ಮಲ್ಟಿಮೀಟರ್ ಇದ್ದರೆ ಕಂಪ್ಯೂಟರ್ ಓಡುತ್ತಿರುವಾಗಲೇ ಖಾಲಿ ಇರುವ ಮೋಲೆಕ್ಸ್ ಕನೆಕ್ಟರ್‌ನಲ್ಲಿ ಅಳೆಯಿರಿ. ಹಳದಿ ಮತ್ತು ಕಪ್ಪಿನ ನಡುವೆ 11.4ರಿಂದ 12.6 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಬೂಟ್ ಆಗುವಾಗ 12 ವೋಲ್ಟ್ ಲೈನ್ 11ರ ಕಡೆ ಜಾರಿದರೆ ತೀರ್ಪು ಆಯಿತು. ಮೀಟರ್‌ನ ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ಹುಷಾರು. ಬಯೋಸ್ ತೋರಿಸುವ ವೋಲ್ಟೇಜ್ ಅಂದಾಜು ಮಾತ್ರ, ಅದರ ಮೇಲೆ ತೀರ್ಮಾನ ಬೇಡ.

ಲೇಬಲ್ ಕೂಡ ಓದಿ. ದೊಡ್ಡಕ್ಷರದಲ್ಲಿ 500 ವ್ಯಾಟ್ ಅಂತಿರುತ್ತದೆ, ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್‌ಗೆ 20 ಆಂಪ್ ಅಂತಿರುತ್ತದೆ. ಗುಣಿಸಿದರೆ 240 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬದುಕುವುದು ಮುಖ್ಯವಾಗಿ ಆ 12 ವೋಲ್ಟ್ ಮೇಲೆ. ದೊಡ್ಡ ಸಂಖ್ಯೆ ಅಲಂಕಾರಕ್ಕೆ.

ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದೇ ಕೊನೆಯ ಮಾತು. ಆದರೆ ಕೇಬಲ್ ಕಳಚಬಹುದಾದ ಮಾದರಿಯಾದರೆ ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಹೊಸದಕ್ಕೆ ಹಾಕಬೇಡಿ. ಪ್ಲಗ್ ಆಕಾರ ಒಂದೇ ಇದ್ದರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗುವ ಕಡೆ 12 ಹೋಗಿ ಹಾರ್ಡ್ ಡಿಸ್ಕ್‌ಗಳು ಸುಟ್ಟ ಉದಾಹರಣೆಗಳಿವೆ.

ಉಳಿದದ್ದು ಬೋರ್ಡ್

ಬೋರ್ಡ್ ಮೇಲಿನ ಸಿಲಿಂಡರ್ ಆಕಾರದ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಅಲ್ಲಿಗೆ ಹುಡುಕಾಟ ಮುಗಿಯಿತು. 2000ದ ದಶಕದ ಮೊದಲ ವರ್ಷಗಳ ಬೋರ್ಡ್‌ಗಳಲ್ಲಿ ಇದು ದೊಡ್ಡ ಪಿಡುಗೇ ಆಗಿತ್ತು. ಈಗಿನ ಬೋರ್ಡ್‌ಗಳ ಘನ ಕೆಪಾಸಿಟರ್‌ಗಳಲ್ಲಿ ಅಪರೂಪ. ಸಿಆರ್2032 ಸೆಲ್ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಬದಲಿಸಿ, ಅಗ್ಗದ್ದು. ಆದರೆ ಸೆಲ್ ಸತ್ತರೆ ಗಡಿಯಾರ ಮತ್ತು ಬಯೋಸ್ ಸೆಟ್ಟಿಂಗ್ ಮರೆತುಹೋಗುತ್ತವೆ, ಕಂಪ್ಯೂಟರ್ ಆಫ್ ಆಗುವುದಕ್ಕೆ ಅದು ಕಾರಣವಾಗುವುದು ಬಹಳ ಕಡಿಮೆ.

ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್, ಸರಿಯಿದೆ ಅಂತ ಗೊತ್ತಿರುವ ಎಸ್‌ಎಂಪಿಎಸ್, ಇಷ್ಟೇ ರಟ್ಟಿನ ಮೇಲಿಟ್ಟು ಓಡಿಸಿದಾಗಲೂ ಆಫ್ ಆದರೆ, ಬಿಸಿಯೂ ಇಲ್ಲದಿದ್ದರೆ, ಬೋರ್ಡನ್ನೇ ಅನುಮಾನಿಸಬೇಕು. ಪ್ರೊಸೆಸರ್ ಕೆಡುವುದು ಇವೆಲ್ಲಕ್ಕಿಂತ ಅಪರೂಪ. ಆದರೂ ಬೋರ್ಡ್ ಕೊಳ್ಳುವ ಮೊದಲು ಪ್ರೊಸೆಸರ್ ತೆಗೆದು, ಸಾಕೆಟ್‌ನಲ್ಲಾಗಲಿ ಪ್ರೊಸೆಸರ್ ಮೇಲಾಗಲಿ ಇರುವ ಪಿನ್‌ಗಳನ್ನು ಓರೆ ಬೆಳಕಿನಲ್ಲಿ ನೋಡಿ. ಸಾಲಿನಲ್ಲಿ ಒಂದು ಪಿನ್ ಬಾಗಿದ್ದರೆ ಅದರ ಹೊಳಪು ಬೇರೆ ಕಡೆ ತಿರುಗಿರುತ್ತದೆ.

ದೋಷ ಸಿಕ್ಕಿತು ಅನ್ನಿಸಿದ ಮೇಲೆ, ಅಪಾಯವಿಲ್ಲದ ಭಾಗವಾದರೆ, ಹಳೆಯದನ್ನೇ ಒಮ್ಮೆ ವಾಪಸ್ ಹಾಕಿ ನೋಡಿ. ಆಫ್ ಆಗುವುದು ಮತ್ತೆ ಶುರುವಾದರೆ ಮಾತ್ರ ಖಾತ್ರಿ. ಇಲ್ಲದಿದ್ದರೆ ಕಿತ್ತು ಹಾಕುವಾಗ ಯಾವುದೋ ಸಡಿಲ ಕನೆಕ್ಟರ್ ಗಟ್ಟಿಯಾಗಿ ಕೂತಿರಬಹುದು, ಕಿತ್ತು ಹಾಕಿದ್ದನ್ನೆಲ್ಲ ಇನ್ನೊಂದು ಸಲ ನೋಡಿ. ಬೆಳಿಗ್ಗೆ ಮಾತ್ರ ಬರುವ ದೋಷವನ್ನು ಬೆಳಿಗ್ಗೆಯೇ ಪರೀಕ್ಷಿಸಬೇಕು: ರಾತ್ರಿ ಮೇನ್ ಸ್ವಿಚ್ ಆರಿಸಿ ಮಲಗಿ, ಎದ್ದ ಮೇಲೆ ಮೊದಲ ಒತ್ತಿಗೇ ಆನ್ ಆಗಿ ಉಳಿಯುತ್ತದಾ ನೋಡಿ, ಒಂದು ವಾರ ಹಾಗೆ ನಡೆದ ಮೇಲೆ ಕ್ಯಾಬಿನೆಟ್‌ಗೆ ಸ್ಕ್ರೂ ಹಾಕಿ.